ಜಾಲಿ ಗಿಡದ ಕೆಳಗೆ ಒಂದು ನಿದ್ದೆ

ನಮ್ಮ ಚರ್ಚುಗಳಲ್ಲಿ ಒಂದು ಪದ ತುಂಬಾ ಓಡಾಡುತ್ತೆ. ಅಧೈರ್ಯ. ಪ್ರಸಂಗದಲ್ಲಿ, ಪ್ರಾರ್ಥನೆಯಲ್ಲಿ, ಹಿರಿಯರು ಭುಜ ತಟ್ಟಿ ಕಳಿಸುವಾಗ, ಎಲ್ಲ ಕಡೆ "ಅಧೈರ್ಯಪಡಬೇಡ" ಅನ್ನೋದು ಇದ್ದೇ ಇರುತ್ತೆ. ಹೊರಗಿನ ಕನ್ನಡದಲ್ಲಿ ಈ ಪದ ಅಷ್ಟಾಗಿ ಕೇಳಿಸಲ್ಲ. ನನಗೆ ಚಿಕ್ಕಂದಿನಿಂದ ಈ ಪದದ ಮೇಲೆ ಒಂದು ಸಣ್ಣ ತಕರಾರಿದೆ. ಧೈರ್ಯ ಇಲ್ಲ ಅಂದ್ರೆ ಹೆದರಿಕೆ ಅಲ್ವಾ? ಆದ್ರೆ ಸೇವೆ ಮಾಡ್ತಾ ಮಾಡ್ತಾ ಮನುಷ್ಯ ಕುಸಿದು ಕೂರೋದು ಹೆದರಿಕೆಯಿಂದಲ್ಲ. ಹುಲಿ ಬಂದ್ರೆ ಓಡಬಹುದು. ಇಲ್ಲಿ ಹುಲಿ ಬರೋದೇ ಇಲ್ಲ, ಯಾರೂ ಬರೋದಿಲ್ಲ, ಏನೂ ಆಗೋದಿಲ್ಲ, ಅದೇ ಕಷ್ಟ. ಎದೆಗುಂದೋದು, ಕೈಚೆಲ್ಲೋದು, ಬೇಸತ್ತು ಹೋಗೋದು... ನಮ್ಮ ಆಡುಮಾತಿನಲ್ಲಿ ಇದಕ್ಕೆ ಎಷ್ಟು ಒಳ್ಳೊಳ್ಳೆ ಪದಗಳಿವೆ ನೋಡಿ. "ಕೈಚೆಲ್ಲಿ ಕೂತ" ಅಂದ ಕೂಡಲೇ ಆ ಮನುಷ್ಯ ಕಣ್ಣ ಮುಂದೆ ಬರ್ತಾನೆ. "ಅಧೈರ್ಯ"ದಲ್ಲಿ ಬರೋದಿಲ್ಲ.

ಕಳೆದ ವರ್ಷ ನಾನು ಹಾಗೆ ಕೈಚೆಲ್ಲಿ ಕೂತಿದ್ದೆ. ಬಹಳ ದಿನದಿಂದ ಬರೀಬೇಕು ಅಂದುಕೊಂಡು ಬಿಟ್ಟಿದ್ದ ವಿಷಯ ಇದು. ಇಲ್ಲಿಗೆ ಬರುವ ಹೆಚ್ಚಿನ ಗೆಳೆಯರು ಕ್ರೈಸ್ತರಲ್ಲ ಅನ್ನೋದು ಗೊತ್ತು. ಆದ್ರೂ ಓದಿ. ಕೈಚೆಲ್ಲಿ ಕೂರೋದಕ್ಕೆ ಜಾತಿ ಮತ ಇಲ್ಲ :)

ವಿಷಯ ಹೀಗೆ. ನಮ್ಮ ಸಭೆಯ ನಾಲ್ಕು ಜನ ಯುವಕ ಯುವತಿಯರು ಸೇರಿ ಶನಿವಾರ ಸಂಜೆ ಒಂದು ಕ್ಲಾಸು ಶುರು ಮಾಡಿದ್ವಿ. ಚರ್ಚಿನಿಂದ ಅರ್ಧ ಕಿಲೋಮೀಟರು ದೂರದಲ್ಲಿ ಒಂದು ಅಪಾರ್ಟ್‌ಮೆಂಟ್ ಏಳ್ತಿತ್ತು. ಅದರ ಪಕ್ಕ ತಗಡಿನ ಶೆಡ್ಡುಗಳು. ಯಾದಗಿರಿ, ರಾಯಚೂರು ಕಡೆಯಿಂದ ಬಂದ ಕೂಲಿ ಕುಟುಂಬಗಳು. ಬೆಂಗಳೂರಿನಲ್ಲಿ ಇರೋರಿಗೆ ಈ ಶೆಡ್ಡುಗಳನ್ನ ವರ್ಣಿಸಬೇಕಿಲ್ಲ, ದಿನಾ ಬೈಕಿನಲ್ಲಿ ದಾಟಿ ಹೋಗ್ತೀವಿ. ದೊಡ್ಡವರು ಆರನೇ ಮಹಡಿಯಲ್ಲಿ ಗಾರೆ ಹೊರ್ತಿದ್ರೆ, ಎಂಟು ವರ್ಷದ ಹುಡುಗಿ ಕೆಳಗೆ ಮರಳಿನ ಗುಡ್ಡೆ ಮೇಲೆ ಕೂತು ಒಂದೂವರೆ ವರ್ಷದ ತಮ್ಮನನ್ನ ನೋಡಿಕೊಳ್ತಿರ್ತಾಳೆ. ಅವಳ ಹೆಸರು ಊರಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಇನ್ನೂ ಇರುತ್ತೆ. ಅವಳು ಮಾತ್ರ ಇಲ್ಲಿ ಇರ್ತಾಳೆ.

ಅ ಆ ಇ ಈ, ಕಾಗುಣಿತ, ಕೂಡೋದು ಕಳೆಯೋದು, ಕೊನೆಗೆ ಒಂದು ಕಥೆ, ಒಂದೊಂದು ಬಾಳೆಹಣ್ಣು. ಇಷ್ಟೇ ಕ್ಲಾಸು. ನಮ್ಮ ಅಯ್ಯನವರು ಮೊದಲ ದಿನವೇ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿದ್ರು: ಅಲ್ಲಿ ಅಕ್ಷರ ಮಾತ್ರ, ಪ್ರಸಂಗ ಬೇಡ, ಹಸಿದ ಮಗುವಿಗೆ ಹಣ್ಣು ಕೊಟ್ಟು ಅದರ ಜೊತೆ ಇನ್ನೇನನ್ನೋ ಕಟ್ಟಿ ಕೊಡೋದು ಸರಿಯಲ್ಲ ಅಂತ. ನನಗೂ ಹಾಗೇ ಅನ್ನಿಸ್ತಿತ್ತು. ತಮಾಷೆ ಏನಂದ್ರೆ ಇದರಿಂದ ಎರಡೂ ಕಡೆಯವರು ಖುಷಿಯಾಗಲಿಲ್ಲ. ಪಕ್ಕದ ರಸ್ತೆಯ ಒಬ್ಬರು ಎರಡು ಸಲ ನಿಲ್ಲಿಸಿ, "ನೀವು ಚರ್ಚಿನವರಲ್ವಾ? ಏನು ಉದ್ದೇಶ?" ಅಂತ ವಿಚಾರಿಸಿದ್ರು. ಮೊಬೈಲಿನಲ್ಲಿ ವಿಡಿಯೋ ಕೂಡ ಮಾಡಿಕೊಂಡ್ರು. ಕರಿಹಲಗೆ ಮೇಲೆ "ಗ" ಬರೆದಿದ್ದು ವಿಡಿಯೋದಲ್ಲಿ ಚೆನ್ನಾಗಿ ಬಂದಿರಬೇಕು. ಇನ್ನೊಂದು ಕಡೆ ಸಭೆಯಲ್ಲೇ ಒಬ್ಬ ಹಿರಿಯರು, "ಎರಡು ವರ್ಷ ಆಯ್ತಲ್ಲಪ್ಪ, ಎಷ್ಟು ಆತ್ಮ ಸಿಕ್ತು?" ಅಂದ್ರು. ಆತ್ಮಗಳಿಗೆ ಎಕ್ಸೆಲ್ ಶೀಟು ಇಡೋದು ಹೇಗೆ ಅಂತ ನನಗೆ ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲೂ ಹೇಳಿಕೊಟ್ಟಿರಲಿಲ್ಲ.

ಇದೆಲ್ಲ ತಡೆದುಕೊಳ್ಳಬಹುದಿತ್ತು. ತಡೆದುಕೊಳ್ಳೋಕೆ ಆಗದೇ ಇದ್ದದ್ದು ಬೇರೆ. ಕಟ್ಟಡ ಮುಗೀತು. ಒಂದು ಶನಿವಾರ ಹೋದ್ರೆ ಶೆಡ್ಡುಗಳೇ ಇಲ್ಲ. ತಗಡು ಬಿಚ್ಚಿ ಲಾರಿಗೆ ಹಾಕಿ ಎಲ್ಲರೂ ಹೋಗಿಬಿಟ್ಟಿದ್ರು. 22 ಮಕ್ಕಳು. ವಾಚ್‌ಮನ್ನಿಗೆ ಕೇಳಿದ್ರೆ, "ಪುಣೆ ಅಂದ್ರು ಸಾರ್, ಇಲ್ಲಾ ಹೈದರಾಬಾದೋ ಏನೋ" ಅಂದ. ಅವರಲ್ಲಿ ಆರು ಮಕ್ಕಳು ಆಗಷ್ಟೇ ಒಂದೊಂದು ವಾಕ್ಯ ತಾವಾಗೇ ಓದೋಕೆ ಶುರು ಮಾಡಿದ್ದವು. ಕನ್ನಡ ಕಲಿಸಿದೋರಿಗೆ ಗೊತ್ತಿರುತ್ತೆ, ಆ ಹಂತ ಹೇಗಿರುತ್ತೆ ಅಂತ. ಮಗು "ಕ, ಮ, ಲ" ಅಂತ ಮೂರು ತಿಂಗಳು ಒದ್ದಾಡಿ, ಒಂದು ದಿನ ತಟ್ಟನೆ "ಕಮಲ!" ಅಂತ ಕೂಗಿ ತನ್ನ ಬಾಯಿಂದ ಬಂದದ್ದಕ್ಕೆ ತಾನೇ ಬೆಚ್ಚಿ ನಗುತ್ತೆ. ಅಲ್ಲಿಂದ ಇನ್ನು ಆರು ತಿಂಗಳು ಸಿಕ್ಕಿದ್ರೆ ಸಾಕು, ಆ ಓದು ಮತ್ತೆ ಮರೆಯೋದಿಲ್ಲ. ಆ ಆರು ತಿಂಗಳು ಸಿಗಲಿಲ್ಲ.

ಆಮೇಲೆ ನಮ್ಮ ನಾಲ್ಕು ಜನರ ತಂಡವೂ ಕರಗ್ತು. ಒಬ್ಬ ಆನ್‌ಸೈಟು ಹೋದ, ಒಬ್ಬಳಿಗೆ ಮದುವೆಯಾಗಿ ಮೈಸೂರು, ಇನ್ನೊಬ್ಬನಿಗೆ ನೈಟ್ ಶಿಫ್ಟು. ಯಾರದ್ದೂ ತಪ್ಪಿಲ್ಲ. ನಾನೊಬ್ಬ ಉಳಿದೆ. ಪ್ರಾರ್ಥನೆ ಮಾಡೋಕೆ ಕೂತ್ರೆ, ಆ ಕಡೆ ಯಾರೂ ಎತ್ತದ ಫೋನಿನ ಹಾಗೆ. ರಿಂಗು ಆಗುತ್ತೆ, ಆಗುತ್ತೆ, ಆಗುತ್ತೆ... ಭಾನುವಾರ ಕೀರ್ತನೆ ಹಾಡುವಾಗ ಬಾಯಿ ಆಡ್ತಿತ್ತು, ಅಷ್ಟೇ. ದೇವರಿಲ್ಲ ಅಂತ ಅನ್ನಿಸಲಿಲ್ಲ. ಇದ್ದಾನೆ, ಆದ್ರೆ ಈ ಕೆಲಸದಲ್ಲಿ ಅವನಿಗೆ ಅಂಥಾ ಆಸಕ್ತಿ ಇದ್ದ ಹಾಗಿಲ್ಲ ಅಂತ ಅನ್ನಿಸ್ತು. ಇದು ಮೊದಲನೆಯದಕ್ಕಿಂತ ಕಹಿ.

ಸಭೆಯಲ್ಲಿ ಧಾರವಾಡ ಕಡೆಯ ಒಬ್ಬ ನಿವೃತ್ತ ಕನ್ನಡ ಸಾಲಿ ಮಾಸ್ತರ್ ಇದ್ದಾರೆ, ಮಗಳ ಮನೆಯಲ್ಲಿರೋಕೆ ಬೆಂಗಳೂರಿಗೆ ಬಂದವರು. ನಾನೂ ಆ ಕಡೆಯವನೇ ಆದ್ದರಿಂದ ನಮ್ಮಿಬ್ಬರದು ಸ್ವಲ್ಪ ಸಲಿಗೆ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಅವರ ಹತ್ತಿರ ಎಲ್ಲ ಹೇಳಿಕೊಂಡೆ. "ಇನ್ನ ಸಾಕ್ರೀ ಮಾಸ್ತರ್, ಬಿಟ್ಟ ಬಿಡ್ತೀನಿ" ಅಂದೆ. ಯಾವುದಾದ್ರೂ ವಾಕ್ಯ ತೆಗೆದು ಓದ್ತಾರೆ ಅಂತ ಕಾಯ್ತಿದ್ದೆ. ಅವರು ಕೇಳಿದ್ದು ಇಷ್ಟೇ:

"ರಾತ್ರಿ ಎಷ್ಟಕ್ಕ ಮಲಗ್ತೀಯೋ ತಮ್ಮಾ?"

"ಎರಡು ಆಗ್ತದ್ರೀ. ರಿಲೀಸ್ ನಡದದ."

"ಊಟಾ?"

"ಏನರೆ ತರಸ್ತೀನಿ."

"ಹಂಗಾದ್ರ ಈಗ ನಮ್ಮ ಮನೀಗೆ ನಡಿ. ರೊಟ್ಟಿ ಮಾಡ್ಯಾರ. ಉಂಡು ಅಲ್ಲೇ ಮಲಕ್ಕೋ. ದೇವರ ವಿಷಯ ಸಂಜೀಕ ಮಾತಾಡೋಣಂತ."

ಹೋದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅವರ ಮೊಮ್ಮಗನ ಕೋಣೆಯಲ್ಲಿ ನಾಲ್ಕು ತಾಸು ಸತ್ತ ಹಾಗೆ ಮಲಗಿದೆ. ಸಂಜೆ ಚಹಾ ಕುಡೀತಾ ಅವರು ಎಲೀಯನ ಕಥೆ ತೆಗೆದ್ರು.

ಕ್ರೈಸ್ತರಲ್ಲದ ಗೆಳೆಯರಿಗಾಗಿ ಕಥೆ ಹೇಳಿಬಿಡ್ತೀನಿ. ಹಳೆ ಒಡಂಬಡಿಕೆಯ ಒಂದನೇ ಅರಸುಗಳ ಪುಸ್ತಕದಲ್ಲಿ, ಹದಿನೆಂಟು ಹತ್ತೊಂಬತ್ತನೇ ಅಧ್ಯಾಯಗಳಲ್ಲಿ ಬರುತ್ತೆ. ಎಲೀಯ ದೊಡ್ಡ ಪ್ರವಾದಿ. ಕರ್ಮೆಲ್ ಬೆಟ್ಟದ ಮೇಲೆ ಬಾಳನ ನಾನೂರ ಐವತ್ತು ಪ್ರವಾದಿಗಳ ಎದುರು ಒಬ್ಬನೇ ನಿಂತು, ಆಕಾಶದಿಂದ ಬೆಂಕಿ ಇಳಿಸಿ ಗೆದ್ದವನು. ಗೆದ್ದ ಮೇಲೆ ರಾಣಿ ಈಜೆಬೆಲ್ ಒಂದು ಸುದ್ದಿ ಕಳಿಸ್ತಾಳೆ, ನಾಳೆ ಈ ಹೊತ್ತಿಗೆ ನಿನ್ನನ್ನ ಮುಗಿಸ್ತೀನಿ ಅಂತ. ಅಷ್ಟೇ! ನಾನೂರ ಐವತ್ತು ಜನಕ್ಕೆ ಅಲುಗದವನು ಒಂದು ಸಂದೇಶಕ್ಕೆ ಕುಸಿದು ಓಡ್ತಾನೆ. ಬೇರ್ಷೆಬದಲ್ಲಿ ಆಳನ್ನ ಬಿಟ್ಟು, ಒಬ್ಬನೇ ಮರುಭೂಮಿಯಲ್ಲಿ ಒಂದು ದಿನದ ದಾರಿ ನಡೆದು, ಒಂದು ಜಾಲಿ ಗಿಡದ ಕೆಳಗೆ ಕೂತು, ಸಾಕಪ್ಪಾ ನನ್ನ ಪ್ರಾಣ ತಗೋ ಅಂತಾನೆ. ಹಾಗೇ ನಿದ್ದೆ ಹೋಗ್ತಾನೆ.

ಆಮೇಲೆ ಏನಾಗುತ್ತೆ ಅನ್ನೋದನ್ನ ನಾನು ಸಂಡೇ ಸ್ಕೂಲಿನಿಂದ ಎಷ್ಟೋ ಸಲ ಕೇಳಿದ್ದೆ. ಆದ್ರೆ ಮಾಸ್ತರ್ ಹೇಳಿದ ಕ್ರಮದಲ್ಲಿ ಕೇಳಿರಲಿಲ್ಲ. ದೇವದೂತ ಬಂದು ಬೈಯೋದಿಲ್ಲ. ನಿನ್ನ ವಿಶ್ವಾಸ ಎಲ್ಲಿ ಹೋಯ್ತು ಅಂತ ಕೇಳೋದಿಲ್ಲ. ಮುಟ್ಟಿ ಎಬ್ಬಿಸಿ, ಎದ್ದು ಉಣ್ಣು ಅಂತಾನೆ. ತಲೆ ಹತ್ತಿರ ಬಿಸಿ ಕಲ್ಲಿನ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು ಮತ್ತೆ ಮಲಗ್ತಾನೆ. ದೂತ ಎರಡನೇ ಸಲ ಎಬ್ಬಿಸಿ ಮತ್ತೆ ಅದನ್ನೇ ಹೇಳ್ತಾನೆ: ಉಣ್ಣು, ದಾರಿ ದೂರ ಇದೆ. ಮಾತುಕತೆ ಏನಿದ್ರೂ ನಲವತ್ತು ದಿನ ಆದ ಮೇಲೆ, ಹೋರೇಬ್ ಬೆಟ್ಟದಲ್ಲಿ. "ದೇವರ ಕಡೆಯಿಂದ ಮೊದಲ ಬಂದದ್ದು ರೊಟ್ಟಿ, ಆಮ್ಯಾಲ ವಾಕ್ಯ. ನಮ್ಮ ಮಂದಿ ಇದನ್ನ ತಿರುವಿ ಹಾಕ್ಯಾರ" ಅಂದ್ರು ಮಾಸ್ತರ್.

ನನಗೆ ಇನ್ನೂ ಹಿಡಿಸಿದ್ದು ಬೆಟ್ಟದ ಮೇಲಿನ ಭಾಗ. ಎಲೀಯ ಅಲ್ಲೂ ಅದೇ ದೂರು ಎರಡೆರಡು ಸಲ ಹೇಳ್ತಾನೆ, ಎಲ್ಲರೂ ಬಿಟ್ಟು ಹೋದ್ರು, ನಾನೊಬ್ಬನೇ ಉಳಿದಿದ್ದೀನಿ ಅಂತ. ದೇವರು ಅದಕ್ಕೆ ಸಮಾಧಾನವೇನೂ ಹೇಳಲ್ಲ. ಹೋಗು, ಇಂಥಿಂಥವರನ್ನ ಅಭಿಷೇಕ ಮಾಡು ಅಂತ ಮೂರು ಹೆಸರು ಕೊಡ್ತಾನೆ. ಮೂರನೆಯದು ಎಲೀಷನದು, ಅಂದ್ರೆ ಎಲೀಯನ ಜಾಗಕ್ಕೆ ಬರುವವನು. ಅಂದ್ರೆ ಕೆಲಸ ನಿನ್ನ ಜೊತೆ ಮುಗಿಯೋದಿಲ್ಲ ಅಂತಾಯ್ತು. ಕೊನೆಗೆ, ದಾರಿಯಲ್ಲಿ ನೆನಪಾದ ಹಾಗೆ, ಅಂದ ಹಾಗೆ ಬಾಳನಿಗೆ ಮೊಣಕಾಲೂರದ ಏಳು ಸಾವಿರ ಜನ ಇದ್ದಾರೆ ಅಂತಾನೆ. ಆ ಏಳು ಸಾವಿರದಲ್ಲಿ ಒಬ್ಬನ ಹೆಸರೂ ಪುಸ್ತಕದಲ್ಲಿಲ್ಲ. ಎಲೀಯ ಅವರನ್ನ ನೋಡಿದ ಅಂತಲೂ ಇಲ್ಲ.

ಅವತ್ತು ಮನೆಗೆ ಬಂದವನು ನಾನೇನೂ ಬದಲಾಗಿರಲಿಲ್ಲ. ನಿದ್ದೆ ಮಾತ್ರ ಆಗಿತ್ತು. ಮಾಸ್ತರ್ ಹೇಳಿದ ಹಾಗೆ ಆರು ವಾರ ಎಲ್ಲ ಸೇವೆಯಿಂದ ಬಿಡುವು ತಗೊಂಡೆ. ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಬರೋದು. ಈ ಬಿಡುವಿನಲ್ಲೇ ಕಿಟ್ಟೆಲ್ ಹಿಂದೆ ಬಿದ್ದದ್ದು.

ಕಿಟ್ಟೆಲ್ ಗೊತ್ತಿಲ್ಲದ ಕನ್ನಡಿಗ ಯಾರು ಹೇಳಿ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಹೊರತಂದ ಕನ್ನಡ-ಇಂಗ್ಲಿಷ್ ನಿಘಂಟು, ಸುಮಾರು 70,000 ಪದ, 1,700ಕ್ಕೂ ಹೆಚ್ಚು ಪುಟ. ಪಂಪನ ಕಾಲದ ಕನ್ನಡದಿಂದ ಹಿಡಿದು ಹೊಲದಲ್ಲಿ ಆಡುವ ಗಾದೆಯವರೆಗೆ ಎಲ್ಲ ಅದರಲ್ಲಿದೆ. ಬೆಂಗಳೂರಿನಲ್ಲಿ ಪ್ರತಿಮೆ ಇದೆ, ಆಸ್ಟಿನ್ ಟೌನಿಗೆ ಕಿಟ್ಟೆಲ್ ನಗರ ಅಂತ ಹೆಸರಿಟ್ಟಿದ್ದಾರೆ, ಧಾರವಾಡದಲ್ಲಿ ಅವನ ಹೆಸರಿನ ಕಾಲೇಜಿದೆ. ಆದ್ರೆ ನಾನು ಹುಡುಕ್ತಾ ಹೋದ ಹಾಗೆ ಎದುರಾದದ್ದು ಬೇರೆ ಕಿಟ್ಟೆಲ್. ರೈನ್‌ಹಾರ್ಡ್ ವೆಂಟ್ ಅನ್ನೋ ಜರ್ಮನ್ ಇತಿಹಾಸಕಾರರು 2006ರಲ್ಲಿ ಅವನ ಮೇಲೆ ಒಂದು ಪುಸ್ತಕ ಸಂಪಾದಿಸಿದ್ದಾರೆ. ಅದರ ಹೆಸರಿನಲ್ಲೇ "ಆರಂಭದ ಸೋಲು" ಮತ್ತು "ಮರಣಾನಂತರದ ಗೆಲುವು" ಅನ್ನೋ ಮಾತುಗಳಿವೆ. ಸೋಲು! ಕಿಟ್ಟೆಲ್ ಮತ್ತು ಸೋಲು ಅನ್ನೋ ಎರಡು ಪದ ಒಟ್ಟಿಗೆ ನೋಡಿದ್ದು ನಾನು ಅದೇ ಮೊದಲು.

ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರಲ್ಲಿ, ಜರ್ಮನಿಯ ಉತ್ತರದ ಕಡಲ ಕಡೆಯ ಒಂದು ಹಳ್ಳಿಯಲ್ಲಿ, ಪಾದ್ರಿಯ ಮಗನಾಗಿ. 1853ರಲ್ಲಿ ಇಲ್ಲಿಗೆ ಬಂದಾಗ ವಯಸ್ಸು 21. ಈಗಿನ ಲೆಕ್ಕದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ. ಬಂದದ್ದು ನಿಘಂಟು ಬರೆಯೋಕಲ್ಲ, ಸುವಾರ್ತೆ ಸಾರೋಕೆ. ಪೌಲ ಕೊರಿಂಥದವರಿಗೆ ಬರೆದ ಪತ್ರದಲ್ಲಿ, ಯೆಹೂದ್ಯರ ನಡುವೆ ಯೆಹೂದ್ಯನ ಹಾಗೆ ಇದ್ದೆ ಅನ್ನೋ ಅರ್ಥದ ಮಾತಿದೆಯಲ್ಲ, ಅದನ್ನ ಈ ಹುಡುಗ ಅಕ್ಷರಶಃ ತಗೊಂಡ. ಭಾರತೀಯರ ನಡುವೆ ಭಾರತೀಯನ ಹಾಗೆ ಇರ್ತೀನಿ ಅಂತ ಹೊರಟ. ಕಾಲ್ನಡಿಗೆಯಲ್ಲಿ ಊರೂರು ಸುತ್ತಿದ. ಇದು ಅವನ ಜೊತೆಯ ಮಿಷನರಿಗಳಿಗೇ ಸರಿ ಬರಲಿಲ್ಲ. ತನ್ನವರ ನಡುವೆಯೇ ಅವನು ವಿಚಿತ್ರ ಮನುಷ್ಯನಾದ. ಇನ್ನು ಯಾರಿಗೆ ಸಾರೋಕೆ ಬಂದನೋ ಆ ಜನ ಅವನ ಮಾತು ಕೇಳಿ ಸಾಲುಗಟ್ಟಿ ಚರ್ಚಿಗೆ ಬಂದ್ರಾ? ಅದೂ ಇಲ್ಲ. ಎರಡೂ ದಡಕ್ಕೆ ಸೇರದ ದೋಣಿ. ಇದನ್ನ ಓದುವಾಗ ವಿಡಿಯೋ ಮಾಡಿದವರೂ ಆತ್ಮಗಳ ಲೆಕ್ಕ ಕೇಳಿದ ಹಿರಿಯರೂ ಒಟ್ಟಿಗೆ ನೆನಪಾಗಿ ನಗು ಬಂತು.

ಮನೆಯಲ್ಲಿ ನೋಡಿದ್ರೆ, 1860ರಲ್ಲಿ ಪೌಲೀನಾ ಜೊತೆ ಮದುವೆ, 1864ರಲ್ಲಿ ಆಕೆ ತೀರಿಕೊಂಡಳು. ನಾಲ್ಕೇ ವರ್ಷ. 1867ರಲ್ಲಿ ಆಕೆಯ ತಂಗಿ ಯೂಲಿಯನ್ನ ಮದುವೆಯಾದ. 1862ರಲ್ಲಿ ಕ್ರಿಸ್ತನ ಜೀವನವನ್ನ ಕನ್ನಡ ಪದ್ಯದಲ್ಲಿ "ಕಥಾಮಾಲೆ" ಅಂತ ಬರೆದಿದ್ದ. ನಮ್ಮಲ್ಲಿ ಇವತ್ತು ಅದನ್ನ ಓದಿದವರು ಎಷ್ಟು ಜನ ಇದ್ದಾರೋ, ನನಗೆ ಒಬ್ಬರೂ ಸಿಕ್ಕಿಲ್ಲ. ಅಂದ್ರೆ ಅವನು ಮಾಡಬೇಕು ಅಂತ ಬಂದ ಕೆಲಸದ ಕಡೆಯಿಂದ ನೋಡಿದ್ರೆ, ನಲವತ್ತರ ಹತ್ತಿರದ ಕಿಟ್ಟೆಲ್ ಕೈಯಲ್ಲಿ ತೋರಿಸೋಕೆ ಹೆಚ್ಚೇನೂ ಇರಲಿಲ್ಲ.

ಆದ್ರೆ ಜನರ ಬಾಯಿಯ ಮಾತು ತಿಳಿಯದೆ ಜನರ ಹತ್ತಿರ ಹೋಗೋಕೆ ಆಗೋಲ್ಲ ಅಂತ ಅವನು ಮೊದಲಿನಿಂದಲೂ ಕನ್ನಡಕ್ಕೆ ಅಂಟಿಕೊಂಡಿದ್ದ. ಪಂಡಿತರ ಕಾಲ ಬುಡದಲ್ಲಿ ಕೂತು ಹಳಗನ್ನಡ ಕಲಿತ. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಅಚ್ಚಾದವು. ನಿಘಂಟಿನ ಕೆಲಸ ಹೀಗೇ ಬೆಳೀತು. 1877ರಲ್ಲಿ ಜರ್ಮನಿಗೆ ವಾಪಸು. ಅಲ್ಲಿಗೆ ಮುಗಿಸಬಹುದಿತ್ತು. ಐವತ್ತು ದಾಟಿದ ಮೇಲೆ, 1883ರಲ್ಲಿ, ಈ ನಿಘಂಟಿಗಾಗಿ ಮತ್ತೆ ಹಡಗು ಹತ್ತಿ ಬಂದ. 1892ರವರೆಗೂ ಇದ್ದ. ಕಣ್ಣು, ಆರೋಗ್ಯ ಎರಡೂ ಕೈಕೊಡ್ತಿದ್ದವು. ನಿಘಂಟು ಬಂದ ಎರಡು ವರ್ಷಕ್ಕೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡ್ತು. 1903ರಲ್ಲಿ ಕನ್ನಡ ವ್ಯಾಕರಣ ಪ್ರಕಟ, ಅದೇ ವರ್ಷ ಡಿಸೆಂಬರಿನಲ್ಲಿ ಸಾವು.

ನನಗೆ ಅನ್ನಿಸಿದ್ದನ್ನ ಹೇಳಿಬಿಡ್ತೀನಿ, ಒಪ್ಪದವರು ಜಗಳ ಆಡಬಹುದು. ನಾವು ಕನ್ನಡಿಗರು ಕಿಟ್ಟೆಲ್‌ನನ್ನ ಎರಡು ಭಾಗ ಮಾಡಿ ಹಂಚಿಕೊಂಡಿದ್ದೀವಿ. ಸಾಹಿತ್ಯದವರು ನಿಘಂಟು ಇಟ್ಟುಕೊಂಡು, ಪಾಪ ಮಿಷನರಿಯಾಗಿದ್ದ ಅನ್ನೋದನ್ನ ಒಂದು ಸಾಲಿನಲ್ಲಿ ದಾಟಿಸ್ತಾರೆ. ಚರ್ಚಿನವರು ಮಿಷನರಿಯನ್ನ ಇಟ್ಟುಕೊಂಡು, ಶಬ್ದಮಣಿದರ್ಪಣ ಅಂದ್ರೆ ಏನು ಅಂತ ಕೇಳ್ತಾರೆ. ಅವನಲ್ಲಿ ಈ ಎರಡೂ ಬೇರೆ ಬೇರೆ ಇರಲಿಲ್ಲ. ಪ್ರಾರ್ಥನೆ ಮಾಡುವ ಅದೇ ಮನುಷ್ಯ 70,000 ಪದ ಎಣಿಸಿದ್ದು. ಒಂದು ನಿಘಂಟನ್ನ ಬರಿಯ ಪಾಂಡಿತ್ಯದಿಂದ ಇಷ್ಟು ವರ್ಷ ತಳ್ಳೋಕೆ ಆಗುತ್ತಾ? ಆಗಬಹುದೇನೋ. ನನಗೆ ಒಂದು ಮಾಡ್ಯೂಲನ್ನ ಎಂಟು ತಿಂಗಳು ತಳ್ಳೋಕೇ ಏದುಸಿರು ಬರುತ್ತೆ.

ಇದೇ ಓದಿನಲ್ಲಿ ಇನ್ನೊಂದು ಸಿಕ್ತು. ಕನ್ನಡಕ್ಕೆ ನೇರ ಸಂಬಂಧ ಇದ್ದರೂ ನಮ್ಮಲ್ಲಿ ಅಷ್ಟಾಗಿ ಯಾರೂ ಹೇಳದ ಘಟನೆ. ಬಂಗಾಳದ ಸೆರಾಂಪುರದ ವಿಲಿಯಂ ಕೇರಿ ಗೊತ್ತಲ್ಲ, ಚಮ್ಮಾರ ಕೆಲಸ ಮಾಡ್ತಿದ್ದು ಮಿಷನರಿಯಾದವನು. 1793ರಲ್ಲಿ ಬಂದ. ಮರುವರ್ಷ ಮಗ ಪೀಟರ್ ಸತ್ತ. ಹೆಂಡತಿಗೆ ಬುದ್ಧಿಭ್ರಮಣೆ, ಆಕೆ 1807ರಲ್ಲಿ ತೀರಿಕೊಳ್ಳೋವರೆಗೂ ಅದೇ ಸ್ಥಿತಿ. ಮೊದಲ ಬಂಗಾಳಿಗೆ ದೀಕ್ಷಾಸ್ನಾನ ಆದದ್ದು 1800ರ ಡಿಸೆಂಬರಿನಲ್ಲಿ, ಅಂದ್ರೆ ಏಳು ವರ್ಷಕ್ಕೆ ಒಬ್ಬ ಮನುಷ್ಯ! ಆಮೇಲೆ 1812ರ ಮಾರ್ಚ್ 11ರ ಸಂಜೆ ಅವರ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕಾಗದದ ದಾಸ್ತಾನು, ಹಲವು ಭಾಷೆಯ ಅಚ್ಚಿನ ಮೊಳೆಗಳು, ಹಸ್ತಪ್ರತಿಗಳು ಎಲ್ಲ ಹೋದವು. ಕೇರಿ ವರ್ಷಗಟ್ಟಲೆ ಕೂತು ಕಟ್ಟುತ್ತಿದ್ದ ಬಹುಭಾಷಾ ನಿಘಂಟು, ತೆಲುಗು ವ್ಯಾಕರಣ, ಜೊತೆಗೆ ಹೊಸ ಒಡಂಬಡಿಕೆಯ ಪೂರ್ತಿ ಕನ್ನಡ ಅನುವಾದ. ಕೈಬರಹ. ಬ್ಯಾಕಪ್ ಇಲ್ಲ, ಗಿಟ್ ಇಲ್ಲ, ಜೆರಾಕ್ಸ್ ಇಲ್ಲ.

ಆ ರಾತ್ರಿ ಅವನಿಗೆ ಹೇಗಿತ್ತೋ. ನಮಗೆ ಉಳಿದಿರೋದು ಮುಂದೆ ನಡೆದದ್ದರ ಲೆಕ್ಕ. ಬೂದಿ ಕೆದಕಿದಾಗ ಮೊಳೆ ಎರಕ ಹೊಯ್ಯುವ ಉಕ್ಕಿನ ಪಡಿಯಚ್ಚುಗಳು ಹಾಳಾಗದೆ ಸಿಕ್ಕವು. ಪಕ್ಕದ ಕೋಣೆಯಲ್ಲಿದ್ದ ಅಚ್ಚಿನ ಯಂತ್ರಗಳೂ ಉಳಿದಿದ್ದವು. ಕರಗಿ ಗಟ್ಟಿಯಾಗಿದ್ದ ಸೀಸವನ್ನೇ ಮತ್ತೆ ಕರಗಿಸಿ ಹೊಸ ಮೊಳೆ ಹೊಯ್ದರು. ಕೆಲವೇ ವಾರಗಳಲ್ಲಿ ಅಚ್ಚು ಮತ್ತೆ ನಡೀತು. 1817ರಲ್ಲಿ ಕೇರಿಯ ಕನ್ನಡ ವ್ಯಾಕರಣ ಅದೇ ಸೆರಾಂಪುರದಿಂದ ಹೊರಬಂತು. ಸುಟ್ಟುಹೋದ ಹೊಸ ಒಡಂಬಡಿಕೆಯನ್ನ ಮತ್ತೆ ಮೊದಲಿನಿಂದ ಮಾಡಿದರು. ಅಷ್ಟರಲ್ಲಿ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಅನ್ನೋ ಇನ್ನೊಬ್ಬ ಬೇರೆಯಾಗಿ ಅದೇ ಕೆಲಸ ಮಾಡ್ತಿದ್ದ. ಸತ್ಯವೇದ ಕನ್ನಡದಲ್ಲಿ ಪೂರ್ತಿಯಾಗಿ ಮೊದಲು ಬಂದದ್ದು ಅವನ ಕೈಯಿಂದ. ಕೇರಿಯಂಥ ಕೇರಿಯ ಕನ್ನಡ ಕೆಲಸ ಇವತ್ತು ಒಂದು ಅಡಿಟಿಪ್ಪಣಿ. ಅವನು ಎರಡು ಸಲ ಮಾಡಿದ ಕೆಲಸ!

ಮಂಗಳೂರ ಸಮಾಚಾರದ ಕಥೆಯೂ ಹೀಗೇ. 1843ರ ಜುಲೈ 1ಕ್ಕೆ ಮೊಗ್ಲಿಂಗ್ ಶುರು ಮಾಡಿದ ಮೊದಲ ಕನ್ನಡ ಪತ್ರಿಕೆ. ಅದೇ ದಿನ ಈಗ ನಮ್ಮ ಪತ್ರಿಕಾ ದಿನ. ಮಂಗಳೂರಿನಲ್ಲಿ ಅದು ಒಂದು ವರ್ಷವೂ ತುಂಬಲಿಲ್ಲ, ಬಳ್ಳಾರಿಗೆ ಹೋಗಿ ಬೇಗನೇ ನಿಂತುಹೋಯ್ತು. ಆ ಮೇಜಿನ ಮುಂದೆ ಕೂತವನಿಗೆ ಅದು ನಿಂತುಹೋದ ಪತ್ರಿಕೆ, ಅಷ್ಟೇ ಆಗಿದ್ದಿರಬೇಕು.

ಇವೆಲ್ಲ ಓದಿ ನನಗೆ ಧೈರ್ಯ ಬಂತು ಅಂತ ಹೇಳಿದ್ರೆ ಸುಳ್ಳಾಗುತ್ತೆ. ದೊಡ್ಡವರ ಸೋಲಿನ ಕಥೆಗಳಲ್ಲಿ ಒಂದು ತೊಂದರೆ ಇದೆ: ಅವರು ಕೊನೆಗೆ ದೊಡ್ಡವರಾದದ್ದರಿಂದಲೇ ಅವು ನಮ್ಮವರೆಗೆ ಬಂದಿವೆ. ಕೈಬರಹ ಸುಟ್ಟುಹೋಗಿ, ಮತ್ತೆ ಬರೆಯೋ ಮೊದಲೇ ಜ್ವರ ಬಂದು ಸತ್ತ ಮಿಷನರಿಗಳು ಎಷ್ಟಿದ್ರೋ. ಅವರಿಗೆ ಪ್ರತಿಮೆ ಇಲ್ಲ. ನನ್ನ ಕ್ಲಾಸಿನಿಂದ ನಿಘಂಟು ಏನೂ ಹುಟ್ಟೋದಿಲ್ಲ. ಆದ್ದರಿಂದ "ತಾಳಿದವನು ಬಾಳಿಯಾನು, ಇವತ್ತಿನ ಸೋಲೇ ನಾಳಿನ ಗೆಲುವು" ಅನ್ನೋ ವಾಟ್ಸಾಪ್ ಉಪದೇಶ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಪ್ರಾರ್ಥನೆಯ ಬರಗಾಲದ ವಿಷಯದಲ್ಲೂ ಅಷ್ಟೇ. ಮದರ್ ತೆರೇಸಾ ಬರೆದ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಜಗತ್ತೇ ಬೆಚ್ಚಿತ್ತು, ಹತ್ತಾರು ವರ್ಷ ಆಕೆಗೆ ಒಳಗೆ ಕತ್ತಲೆಯೇ ಇತ್ತಂತೆ. ಆಕೆ ಕೆಲಸ ಬಿಡಲಿಲ್ಲ. ಆದ್ರೆ ಕತ್ತಲೆ ಹೋಯ್ತು ಅಂತಲೂ ಆ ಪತ್ರಗಳು ಹೇಳೋದಿಲ್ಲ.

ನನಗೆ ನಿಜವಾಗಿ ಹಿಡಿದದ್ದು ಎರಡೇ ವಿಷಯ. ಒಂದು ರೊಟ್ಟಿ, ಅಂದ್ರೆ ಈಗ ನಾನು ಹನ್ನೊಂದೂವರೆಗೆ ಲ್ಯಾಪ್‌ಟಾಪ್ ಮುಚ್ಚುತ್ತೀನಿ, ಮ್ಯಾನೇಜರ್ ಏನೇ ಅನ್ನಲಿ. ಇನ್ನೊಂದು ಆ ಪಡಿಯಚ್ಚುಗಳು. ಪುಟಗಳು ಸುಡ್ತವೆ, ಅಚ್ಚು ಉಳೀತದೆ. ಹಾಗಾದ್ರೆ ಶೆಡ್ಡು ಯಾವತ್ತಿದ್ರೂ ಎದ್ದು ಹೋಗೋದೇ ಅಂತಿದ್ದಾಗ, ನನ್ನ ಕ್ಲಾಸಿನಲ್ಲಿ ಮಗುವಿನ ಜೊತೆ ಲಾರಿ ಹತ್ತಬಲ್ಲಂಥದ್ದು ಏನಿದೆ?

ಏಳನೇ ವಾರ ಅಯ್ಯನವರ ಹತ್ತಿರ ಹೋಗಿ ಮತ್ತೆ ಶುರು ಮಾಡ್ತೀನಿ ಅಂದೆ. ಇನ್ನೊಂದು ಸೈಟು, ಚರ್ಚಿನಿಂದ ಮೂರು ಕಿಲೋಮೀಟರು. ಮೊದಲ ದಿನ ಮೂರು ಮಕ್ಕಳು, ಈಗ ಒಂಬತ್ತು. ನೈಟ್ ಶಿಫ್ಟಿನವನು ಎರಡು ವಾರಕ್ಕೊಮ್ಮೆ ಬರ್ತಾನೆ. ಈ ಸಲ ಪ್ರತಿ ಮಗುವಿಗೂ ಒಂದು ದಪ್ಪ ರಟ್ಟಿನ ಕಾರ್ಡು, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದಾರ ಕಟ್ಟಿ ಕೊಟ್ಟಿದ್ದೀವಿ. ಒಂದು ಕಡೆ ವರ್ಣಮಾಲೆ, ಕಾಗುಣಿತ. ಇನ್ನೊಂದು ಕಡೆ ಈ ಮಗುವಿಗೆ ಎಲ್ಲಿಯವರೆಗೆ ಬರುತ್ತೆ ಅನ್ನೋದು. ಪ್ರತಿ ಶನಿವಾರ ಅದರಲ್ಲಿ ಟಿಕ್ ಹಾಕೋದು. ಪುಣೆಯಲ್ಲೋ ಹೈದರಾಬಾದಿನಲ್ಲೋ ಕನ್ನಡ ಬಲ್ಲ ಯಾರಾದ್ರೂ ಒಬ್ಬರು ಆ ಕಾರ್ಡು ನೋಡಿದ್ರೆ ಮುಂದಿನ ಅಕ್ಷರದಿಂದ ಶುರು ಮಾಡಬಹುದು. ಅಪ್ಪ ಅಮ್ಮನ ಆಧಾರ್ ಕಾರ್ಡ್ ಇಡೋ ಚೀಲದಲ್ಲೇ ಇದನ್ನೂ ಇಡಿ ಅಂತ ಹೇಳಿದ್ದೀವಿ. ಒಬ್ಬ ತಾಯಿ, "ಇದು ರೇಷನ್ನಿಗೆ ನಡೀತದೇನ್ರೀ ಸರ್?" ಅಂತ ಕೇಳಿದ್ರು.

ಹೋದ 22 ಮಕ್ಕಳ ಸುದ್ದಿ ಏನಾದ್ರೂ ಬಂತಾ ಅಂತ ನೀವು ಕೇಳಬಹುದು. ಇಲ್ಲ. ಯಾವ ಫೋನೂ ಬರಲಿಲ್ಲ, ಇದು ಸಿನಿಮಾ ಅಲ್ಲ. ಅವರ ಹೆಸರುಗಳನ್ನ ನನ್ನ ಸತ್ಯವೇದದಲ್ಲಿ ಒಂದು ಚೀಟಿ ಮಾಡಿ ಇಟ್ಟಿದ್ದೀನಿ, ಅರಸುಗಳ ಪುಸ್ತಕದ ಹತ್ತಿರವೇ. ಬೆಳಿಗ್ಗೆ ಒಂದೊಂದಾಗಿ ಓದ್ತೀನಿ. ಸದ್ಯಕ್ಕೆ ನನ್ನ ಪ್ರಾರ್ಥನೆ ಅಷ್ಟೇ. ಆ ಕಡೆ ಫೋನು ಎತ್ತಿದ್ರಾ ಅಂತ ಕೇಳಬೇಡಿ. ರಿಂಗು ಮಾತ್ರ ಈಗ ಮೊದಲಿನ ಹಾಗೆ ಕಿರಿಕಿರಿ ಅನ್ನಿಸೋದಿಲ್ಲ.

ಆತ್ಮಗಳ ಲೆಕ್ಕ ಕೇಳಿದ ಹಿರಿಯರು ಹೋದ ತಿಂಗಳು ಏನೂ ಹೇಳದೆ ಎರಡು ಡಜನ್ ಸ್ಲೇಟು ತಂದು ಚರ್ಚಿನ ಬಾಗಿಲಲ್ಲಿ ಇಟ್ಟು ಹೋದ್ರು. ವಿಡಿಯೋ ಮಾಡಿದವರ ಏರಿಯಾ ಈಗ ದೂರ ಆಯ್ತು.

ಬರುವ ಶನಿವಾರದಿಂದ ಐದು ಮಕ್ಕಳಿಗೆ ಒತ್ತಕ್ಷರ ಶುರು ಮಾಡಬೇಕು. ಇದೊಂದು ದೊಡ್ಡ ಗಂಡಾಂತರ. "ಅಕ್ಕ", "ಅಪ್ಪ" ತನಕ ಸರಿ ಹೋಗುತ್ತೆ, "ರಾಷ್ಟ್ರ" ಬಂದ ಕೂಡಲೇ ಮಕ್ಕಳು ಬಾಳೆಹಣ್ಣಿನ ಬುಟ್ಟಿ ಕಡೆ ನೋಡೋಕೆ ಶುರು ಮಾಡ್ತಾರೆ. ಮಾಸ್ತರ್ ಬಂದು ಒಂದು ದಿನ ತೋರಿಸಿಕೊಡ್ತೀನಿ ಅಂದಿದ್ದಾರೆ, ಆದ್ರೆ ಅವರ ಮೊಣಕಾಲು ನೋವು. ನಿಮ್ಮಲ್ಲಿ ಯಾರಾದ್ರೂ ಚಿಕ್ಕ ಮಕ್ಕಳಿಗೆ ಒತ್ತಕ್ಷರ ಕಲಿಸಿದ್ರೆ, ಯಾವ ಪದಗಳಿಂದ ಶುರು ಮಾಡಿದ್ರಿ, ಯಾವ ಆಟ ಆಡಿಸಿದ್ರಿ, ದಯವಿಟ್ಟು ಹೇಳಿ. ಶುಕ್ರವಾರದ ಒಳಗೆ ಹೇಳಿದ್ರೆ ಇನ್ನೂ ಒಳ್ಳೇದು.